ನಾಲ್ಕು ಸೇತುವೆಯ ಊರಿನಲ್ಲಿ ಮೂವತ್ತೊಂದನೆಯ ಸಾಲು

ಹೊರಡುವ ಮೊದಲು: ಸವದತ್ತಿ ಬಸ್ ಸ್ಟ್ಯಾಂಡು

ನೆದರ್‌ಲ್ಯಾಂಡ್ಸ್‌ಗೆ ಹೋಗಿ ಬಂದೆ ಎಂದಕೂಡಲೇ ನಮ್ಮ ಓಣಿಯವರು ಕೇಳಿದ್ದು ಒಂದೇ ಮಾತು: "ಏನ್ ತಂದ್ರೀ ಬಾಯಾರ?" ಒಂದು ಡಬ್ಬಿ ಬಿಸ್ಕೀಟು ತಂದೆ, ಅದೂ ದಾರಿಯಲ್ಲೇ ಅರ್ಧ ಪುಡಿಯಾಗಿತ್ತು. ಇಲ್ಲಿಂದ ಏನು ಒಯ್ದಿದ್ದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುವುದು ಬಹಳ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೈಲಹೊಂಗಲದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುವವಳು. ಹೆಸರು ಗಂಗಾ. ವಯಸ್ಸು ಐವತ್ತೊಂದು, ಸಿಟ್ಟು ಸ್ವಲ್ಪ ಜಾಸ್ತಿ. ನಾನು ಒಯ್ದದ್ದು ಒಂದು ಸಾಧನೆ. ಶಾಲೆಯ ರೇಖಾಗಣಿತದಲ್ಲಿ ದತ್ತ, ಸಾಧನೀಯ, ಸಾಧನೆ ಎಂದು ಬರೆಯುತ್ತಿದ್ದೆವಲ್ಲ, ಅಂಥ ಸಾಧನೆ. ಎಡಗಡೆ ಹೇಳಿಕೆ, ಬಲಗಡೆ ಕಾರಣ. ಆದರೆ ಇದು ತ್ರಿಕೋನದ ಬಗ್ಗೆ ಅಲ್ಲ, ಪ್ರೋಗ್ರಾಮುಗಳ ಬಗ್ಗೆ. ಹಲವು ಪ್ರೋಗ್ರಾಮುಗಳು ಒಂದೇ ಹೊತ್ತಿಗೆ ಓಡುತ್ತ, ಒಂದಕ್ಕೊಂದು ಕಾಯುತ್ತ ಕೂಡಿ ಕೆಲಸ ಮಾಡುವಾಗ ಯಾವುದೂ ತಪ್ಪು ಹೆಜ್ಜೆ ಇಡುವುದಿಲ್ಲ ಎಂದು ಕಾಗದದ ಮೇಲೆ ತೋರಿಸಿಕೊಡುವುದು. ಓಡಿಸಿ ನೋಡಿದರೆ ಸಾಲದೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಸಾಲದು. ಸಾವಿರ ಸಲ ಸರಿಯಾಗಿ ಓಡಿದ್ದು ಮುಂದಿನ ಸಲ ಕೈ ಕೊಡಬಹುದು. ಯಾವುದು ಎಷ್ಟು ಬೇಗ ಓಡುತ್ತದೆ, ಯಾವುದು ಎಲ್ಲಿ ತಡವರಿಸುತ್ತದೆ ಎಂಬುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಈ ಸಾಧನೆ ನನ್ನೊಬ್ಬಳದಲ್ಲ. ರಾಮದುರ್ಗದಲ್ಲಿ ನನಗೆ ಹತ್ತನೆಯ ಇಯತ್ತೆಗೆ ಗಣಿತ ಕಲಿಸಿದ ದಸ್ತಗೀರ ಸರ್ ಮತ್ತು ನಾನು ಕೂಡಿ ಏಳು ವರ್ಷ ಕೂತು ಬರೆದದ್ದು. ಅವರು ನಿವೃತ್ತರಾಗಿ ಬಹಳ ವರ್ಷಗಳಾದವು. ಭಾನುವಾರ ಅವರು ರಾಮದುರ್ಗದ ಬಸ್ಸು ಹತ್ತುತ್ತಿದ್ದರು, ನಾನು ಬೈಲಹೊಂಗಲದ ಬಸ್ಸು. ನಡುವೆ ಸವದತ್ತಿ ಬಸ್ ಸ್ಟ್ಯಾಂಡಿನ ಎದುರಿಗಿನ ಹೋಟೆಲಿನಲ್ಲಿ ಕೂಡುತ್ತಿದ್ದೆವು. ದೇವಿಯ ಗುಡ್ಡಕ್ಕೆ ಹೋಗುವವರ ಗದ್ದಲದ ನಡುವೆ, ಭಂಡಾರದ ಅರಿಶಿನ ಬಿದ್ದು ಹಳದಿಯಾದ ಟೇಬಲ್ಲಿನ ಮೇಲೆ, ಚಹಾದ ಬಟ್ಟಲುಗಳನ್ನೇ ಪ್ರೋಗ್ರಾಮುಗಳೆಂದು ಇಟ್ಟುಕೊಂಡು ಆಚೆ ಈಚೆ ಸರಿಸುತ್ತಿದ್ದೆವು. ಮೊದಲ ದಿನವೇ ಸರ್ ನಾಲ್ಕು ಬಟ್ಟಲು ಸಾಲಾಗಿ ಇಟ್ಟು ಹೇಳಿದ್ದರು: "ಇದು ಪಂಗತಿ ಊಟ ಇದ್ದಂಗವ್ವಾ. ನಾಕೂ ಎಲಿಗೆ ಬಡಸೂತನಾ ಯಾರೂ ಕೈ ಹಚ್ಚಂಗಿಲ್ಲ. ಇಷ್ಟ ನಾವು ಸಾಧಿಸಬೇಕಾದ್ದು."

ಅವರಿಗೀಗ ಎಪ್ಪತ್ತೆಂಟು. ಕಣ್ಣು ಹೆಚ್ಚುಕಡಿಮೆ ಹೋಗಿದೆ. ಹೃದಯವೂ ಸೋತಿದೆ. ಒಂದು ಸಲ ನಗುತ್ತ ಅಂದಿದ್ದರು, "ನನ್ನ ಹೆಸರ ಇನ್ನೂ ಎಲ್ಲೂ ಅಚ್ಚಾಗಿಲ್ಲ ನೋಡು. ಮತದಾರರ ಯಾದಿಯೊಳಗ ಆಗೇತಿ, ಅದೂ ತಪ್ಪ ಬರದಾರ." ಅವರು ನಕ್ಕರೂ ನನಗೆ ನಗು ಬರಲಿಲ್ಲ. ನಮ್ಮ ಲೇಖನವನ್ನು ನೆದರ್‌ಲ್ಯಾಂಡ್ಸ್‌ನ ಒಂದು ವಿದ್ವತ್ಸಭೆಯವರು ಒಪ್ಪಿ, ಬಂದು ಓದಿರಿ, ನಂತರ ಅಚ್ಚು ಹಾಕುತ್ತೇವೆ ಎಂದು ಕರೆದಾಗ ಸರ್ ಆ ಪತ್ರವನ್ನು ನನ್ನಿಂದ ಮೂರು ಸಲ ಓದಿಸಿಕೊಂಡರು. ಹೊರಡುವ ಮುನ್ನ ಅವರ ಕಾಲು ಮುಟ್ಟಿ ಬರೋಣವೆಂದು ರಾಮದುರ್ಗಕ್ಕೆ ಹೋಗಿದ್ದೆ. ಮಗಳು ಶಾಹೀನ್ ಬಸ್ಸಿನ ತನಕ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಅಬ್ಬಾಗ ಧಕ್ಕಿ ಆಗೂವಂಥಾದ್ದ ಏನೂ ಹೇಳಬಾರ್ದು ಅಂದಾರ ಡಾಕ್ಟರು. ಅಲ್ಲಿಂದ ಪೋನ್ ಮಾಡಿದ್ರ ಛಲೋ ಸುದ್ದಿ ಅಷ್ಟ ಹೇಳ್ರಿ." ಆಗಲಿ ಎಂದೆ. ಕೆಟ್ಟ ಸುದ್ದಿ ಇರುವುದು ಸಾಧ್ಯವೆಂದೇ ನನಗೆ ಅನಿಸಿರಲಿಲ್ಲ.

ರೈಲು

ವಿಮಾನದ ಕತೆ ಎಲ್ಲರೂ ಬರೆದಿದ್ದಾರೆ, ನಾನು ಬಿಟ್ಟೆ. ಇಳಿದಮೇಲೆ ಸುಂಕದ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆ ಬಿಚ್ಚಿಸಿದ. ಕಡಕ್ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತೋರಿಸಿ, ಬೆರಳಿನಿಂದ ಬಡಿದು ನೋಡಿ, "ಇದು ಏನು?" ಎಂದ. ತಿನ್ನುವುದು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಕೊನೆಗೆ ನಾನೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದೆ. ಹೋಗಿ ಎಂದು ಕೈಬೀಸಿದ.

ರೈಲಿನಲ್ಲಿ ಕೂತು ಮನೆಗೆ ಫೋನು ಹಚ್ಚಿ, ನಮ್ಮ ಕಡೆಯ ದನಿಯಲ್ಲಿ "ಹಾಂ, ಮುಟ್ಟಿದ್ನಿ, ಮುಟ್ಟಿದ್ನಿ!" ಎಂದು ಕೂಗಿದೆ. ಎದುರಿನ ಹೆಂಗಸು ಕಿಟಕಿಯ ಗಾಜಿನ ಮೇಲಿನ ಚೀಟಿಯತ್ತ ಬೆರಳು ಮಾಡಿದಳು. ಅದು ಮಾತಾಡಬಾರದ ಡಬ್ಬಿ. ಮಾತಾಡದೆ ಕೂರಲಿಕ್ಕೆಂದೇ ಒಂದು ಡಬ್ಬಿ! ನಮ್ಮ ರಾಮದುರ್ಗದ ಬಸ್ಸಿನಲ್ಲಿ ಹಾಗೆ ಚೀಟಿ ಅಂಟಿಸಿದರೆ ಮೊದಲು ಕಂಡಕ್ಟರನೇ ಇಳಿದುಹೋಗುತ್ತಾನೆ. ಮುಖ ಕೆಂಪಗೆ ಮಾಡಿಕೊಂಡು ಕೂತು ಹೊರಗೆ ನೋಡಿದೆ. ಕಾಲುವೆಯ ನೀರು ಹೊಲಕ್ಕಿಂತ ಮೇಲಿತ್ತು, ದನಗಳು ಕೆಳಗೆ ಮೇಯುತ್ತಿದ್ದವು. ನವಿಲುತೀರ್ಥದ ಒಡ್ಡಿನ ಕೆಳಗೆ ನಿಂತಾಗ ಬೆನ್ನಿಗೆ ಒಂದು ಚಳಿ ಹತ್ತುತ್ತದೆಯಲ್ಲ, ಇವರು ಹುಟ್ಟಿದಂದಿನಿಂದ ಹಾಗೆಯೇ ನೀರಿನ ಕೆಳಗೆ ಬದುಕುತ್ತಾರೆ. ಯಾರ ಮುಖದಲ್ಲೂ ಅಂಜಿಕೆ ಕಾಣಲಿಲ್ಲ. ಯಾರೋ ಲೆಕ್ಕ ಸರಿಯಾಗಿ ಹಾಕಿದ್ದಾರೆ ಎಂಬ ಭರವಸೆ.

ನಾಲ್ಕು ಸೇತುವೆಯ ಊರು

ಊರಿನ ಹೆಸರು ಗಂಟಲಿನ ಆಳದಿಂದ ಹೊರಡಬೇಕು. ಆರು ದಿನವಾದರೂ ನನಗೆ ಅದು ಬರಲಿಲ್ಲ, ಇಲ್ಲಿ ಬರೆಯುವ ಧೈರ್ಯವೂ ಇಲ್ಲ. ನಡುವೆ ಒಂದು ಕಾಲುವೆ, ಅದರ ಮೇಲೆ ನಾಲ್ಕು ಎತ್ತುಸೇತುವೆಗಳು. ಸರಕಿನ ದೋಣಿ ಬಂದರೆ ರಸ್ತೆಗೆ ಅಡ್ಡಗಂಬ ಬೀಳುತ್ತದೆ, ಸೇತುವೆ ಬಾಗಿಲಿನಂತೆ ಮೇಲೇಳುತ್ತದೆ, ದೋಣಿ ಹಾದುಹೋಗುತ್ತದೆ.

ನನ್ನನ್ನು ಕರೆದುಕೊಳ್ಳಲು ಬಂದವಳು ಹಾನೆಕೆ. ಆ ಸೇತುವೆಗಳ ಇಂಜಿನಿಯರು. ನನಗಿಂತ ಒಂದು ಮೊಳ ಎತ್ತರ, ಕೂದಲು ಪೂರ್ತಿ ಬಿಳಿ. ನಮಸ್ಕಾರ ಹೇಳಿದ ಮರುಗಳಿಗೆಗೆ "ನಿಮ್ಮ ಕೋಟು ಈ ಗಾಳಿಗೆ ನಡೆಯುವುದಿಲ್ಲ" ಎಂದಳು. ನಮ್ಮಲ್ಲಾದರೆ ಎರಡು ದಿನ ಬಿಟ್ಟು, ಬೇರೆ ಯಾರ ಕಡೆಯಿಂದಲೋ ಹೇಳಿಸುತ್ತಿದ್ದರು. ತನ್ನ ಕಚೇರಿಗೆ ಒಯ್ದು ಕಾಫಿ ಕೊಟ್ಟಳು, ಡಬ್ಬಿ ತೆರೆದು ಬಿಸ್ಕೀಟು ತಗೋ ಎಂದಳು. ನಾನು ಒಂದು ತೆಗೆದುಕೊಂಡೆ. ಡಬ್ಬಿ ಟಪ್ ಎಂದು ಮುಚ್ಚಿ ಕಪಾಟಿಗೆ ಹೋಯಿತು! "ಇನ್ನೊಂದ ತಗೊಳ್ರಿ, ನನ್ನ ಆಣಿ ಐತಿ" ಎನ್ನುವ ಊರಿಂದ ಬಂದವಳಿಗೆ ಇದು ಹೇಗಾಗಬೇಡ. ಆದರೆ ಅವಳಿಗೆ ಜಿಪುಣತನ ಇರಲಿಲ್ಲ. ಎರಡನೆಯದು ಬೇಕಿದ್ದರೆ ಕೇಳುತ್ತಾಳೆ ಬಿಡು ಎಂದುಕೊಂಡಿದ್ದಳು ಅಷ್ಟೆ. ಬಾಯಿ ಬಿಟ್ಟು ಹೇಳದೇ ಇದ್ದದ್ದು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಮಧ್ಯಾಹ್ನ ಸೇತುವೆ ತೋರಿಸಿದಳು. ಒಂದೊಂದಕ್ಕೂ ಒಂದೊಂದು ಕಂಪ್ಯೂಟರು, ಒಂದೊಂದು ಪ್ರೋಗ್ರಾಮು. ನಾಲ್ಕೂ "ನನ್ನ ರಸ್ತೆ ಖಾಲಿ" ಎಂದು ಹೇಳಿದ ಮೇಲೆಯೇ ನಾಲ್ಕೂ ಏಳಬೇಕು. ಒಂದೇ ಎದ್ದು ಮುಂದಿನದು ಏಳದಿದ್ದರೆ ದೋಣಿ ನಡುವೆ ಸಿಕ್ಕಿಕೊಳ್ಳುತ್ತದೆ. "ಸರಕು ತುಂಬಿದ ದೋಣಿ ತಟ್ಟನೆ ನಿಲ್ಲುವುದಿಲ್ಲ" ಎಂದಳು ಹಾನೆಕೆ. "ಮುಂದಿನ ಸೇತುವೆಗೆ ಹೋಗಿ ಹೊಡೆಯುತ್ತದೆ. ಅದರ ಮೇಲೆ ಜನ ಇರುತ್ತಾರೆ." ಅವಳು ಹೇಳುತ್ತಿರುವಾಗಲೇ ಒಬ್ಬ ತಾಯಿ ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಎರಡು ಕೂಸು ಕೂಡಿಸಿಕೊಂಡು ಸೇತುವೆ ದಾಟಿದಳು.

ಹೊಸ ಪ್ರೋಗ್ರಾಮು ನಮ್ಮದೇ. ನಮ್ಮ ಲೇಖನ ಓದಿ ಅವರು ಅದನ್ನು ಆರಿಸಿಕೊಂಡಿದ್ದರು. "ತಿಂಗಳುಗಟ್ಟಲೆ ಓಡಿಸಿ ನೋಡಿದ್ದೇವೆ, ಒಮ್ಮೆಯೂ ತಪ್ಪಿಲ್ಲ" ಎಂದಳು. "ಆದರೂ ಸಾಧನೆ ಇಲ್ಲದೆ ನಾನು ಸಹಿ ಹಾಕುವವಳಲ್ಲ. ನಿಮ್ಮದು ಇದೆ ಎಂದೇ ಹಾಕುತ್ತಿದ್ದೇನೆ. ನಾಳೆ ನಿಮ್ಮ ಮಾತು ಮುಗಿದಮೇಲೆ." ನನಗೆ ಎದೆ ಉಬ್ಬಿತು. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿದ ಸಾಧನೆಯನ್ನು ನಂಬಿ ಇಲ್ಲಿಯ ತಾಯಂದಿರು ಸೇತುವೆ ದಾಟುತ್ತಾರಲ್ಲ ಎಂದು. ಆ ರಾತ್ರಿಯೇ ಶಾಹೀನಳಿಗೆ ಫೋನು ಮಾಡಿ, ಸೇತುವೆಯ ಈ ಸುದ್ದಿಯನ್ನು ಸರ್‌ಗೆ ಮುಟ್ಟಿಸು ಎಂದೆ.

ಊಟದ ಕೋಣೆ

ಮರುದಿನ ನನ್ನ ಮಾತು ಮಧ್ಯಾಹ್ನ ಎರಡಕ್ಕೆ. ಹನ್ನೆರಡಕ್ಕೆ ಊಟಕ್ಕೆ ಹೋದೆವು. ಊಟವೆಂದರೆ ಬ್ರೆಡ್ಡು, ನಡುವೆ ಒಂದು ಗಿಣ್ಣಿನಂಥ ಹಳದಿ ತುಂಡು, ತಣ್ಣಗಿನ ಹಾಲು. ದೊಡ್ಡ ದೊಡ್ಡ ಪ್ರೊಫೆಸರುಗಳು ಮಧ್ಯಾಹ್ನದ ಊಟಕ್ಕೆ ಹಾಲು ಕುಡಿಯುವುದನ್ನು ನಾನು ಕಣ್ಣಾರೆ ಕಂಡೆ.

ಉದ್ದನೆಯ ಮೇಜಿಗೆ ಕೂತೆ. ತಾಟು ತಂದವರು ತಂದಂತೆ ತಿನ್ನತೊಡಗಿದರು. ಇರಲಿ, ಅವರವರ ಪದ್ಧತಿ. ತಿಂದವರು ತಿಂದಂತೆ ಎದ್ದೂ ಹೋಗುತ್ತಿದ್ದರು. ಪಕ್ಕದಲ್ಲಿ ಒಬ್ಬ ಮುದುಕ ನಿಧಾನವಾಗಿ ಬ್ರೆಡ್ಡು ಕತ್ತರಿಸುತ್ತಿದ್ದ, ಅವನನ್ನು ಒಬ್ಬನನ್ನೇ ಬಿಟ್ಟು ಎದ್ದರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು. ನಮ್ಮಲ್ಲಿ ಪಂಕ್ತಿಯ ಕೊನೆಯ ಹಿರಿಯರು ಕೈ ಎತ್ತುವವರೆಗೆ ಯಾರೂ ಏಳುವುದಿಲ್ಲ. ಎಲೆಯಲ್ಲಿ ಏನೂ ಇಲ್ಲದಿದ್ದರೂ ಬೆರಳಿನಿಂದ ಗೆರೆ ಎಳೆಯುತ್ತ ಕೂರುತ್ತೇವೆ. ಸರ್ ಮನೆಯಲ್ಲೂ ಹಾಗೆಯೇ, ಹಾಸಿದ ದಸ್ತರಖಾನ ಎತ್ತುವವರೆಗೆ ಯಾರೂ ಜಾಗ ಬಿಡುವುದಿಲ್ಲ.

ಎದುರಿಗೆ ಕೂತಿದ್ದ ಒಬ್ಬ ದಪ್ಪ ಮನುಷ್ಯ ಗಬಗಬ ತಿಂದು ಮುಗಿಸಿ, ತಾಟು ಎತ್ತಿಕೊಂಡು ಹೋದ. ಹೋದವನು ಇನ್ನೊಂದು ತಾಟು ತುಂಬಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತು ಮತ್ತೆ ಶುರು ಮಾಡಿದ. ಮುದುಕನ ಮೊದಲನೆಯ ತಾಟು ಇನ್ನೂ ಮುಗಿದಿರಲಿಲ್ಲ.

ನನ್ನ ಕೈಯಲ್ಲಿದ್ದ ಹಾಲಿನ ಲೋಟ ಅಲ್ಲೇ ನಿಂತಿತು.

ನೋಟ್‌ಬುಕ್ಕು ಚೀಲದಲ್ಲಿತ್ತು. ತೆಗೆದೆ. ಮೂವತ್ತೊಂದನೆಯ ಸಾಲು. ಎಡಗಡೆ ನನ್ನ ಅಕ್ಷರದಲ್ಲಿ: "ಎರಡನೆಯ ಸುತ್ತು ಆರಂಭವಾದಾಗ ಮೊದಲ ಸುತ್ತಿನವರು ನಾಲ್ವರೂ ಎದ್ದಿರುತ್ತಾರೆ." ಬಲಗಡೆ, ಕಾರಣ: "ಗೊತ್ತಿದ್ದದ್ದೇ."

ಯಾರಿಗೆ ಗೊತ್ತಿದ್ದದ್ದು? ನಮಗೆ ಗೊತ್ತಿದ್ದದ್ದು. ಮೊದಲ ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಒರೆಸಿದ ಮೇಲೆಯೇ ಎರಡನೆಯ ಪಂಕ್ತಿ ಕೂರುವುದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ರೋಗ್ರಾಮಿಗೆ ಅದನ್ನು ಹೇಳಿದವರು ಯಾರು? ನಾಲ್ವರೂ, ಅಂದರೆ ನಾಲ್ಕು ಪ್ರೋಗ್ರಾಮೂ, ಬಂದಾಗ ಬಾಗಿಲು ತೆರೆಯುತ್ತದೆ, ನಾಲ್ವರೂ ಹೋದಾಗ ಮುಚ್ಚುತ್ತದೆ ಎಂದಷ್ಟೇ ನಾವು ಬರೆದದ್ದು. ಚುರುಕಾದ ಒಬ್ಬ ಹೊರಗೆ ಹೋಗಿ, ಉಳಿದವರು ಏಳುವ ಮೊದಲೇ ತಿರುಗಿ ಬಂದರೆ? ಬಾಗಿಲು ಇನ್ನೂ ತೆರೆದೇ ಇರುತ್ತದೆ. ಯಾರಿಗೂ ಕಾಯದೆ ನೇರವಾಗಿ ಒಳಗೆ ನುಗ್ಗುತ್ತಾನೆ. ಆ ಊರಿನ ಮಾತಿನಲ್ಲಿ ಹೇಳಬೇಕೆಂದರೆ, ಒಂದು ಸೇತುವೆ ಎರಡನೆಯ ದೋಣಿಗೆಂದು ತಾನೊಂದೇ ಎದ್ದುಬಿಡುತ್ತದೆ. ಮುಂದಿನ ಸೇತುವೆ ಮೊದಲ ದೋಣಿಯನ್ನು ಕಳಿಸಿ ಆಗಷ್ಟೇ ಇಳಿದು ಕೂತಿರುತ್ತದೆ, ಅದರ ಮೇಲೆ ಸೈಕಲ್ಲುಗಳು.

ಸಾಧನೆ ಬಿದ್ದಿತ್ತು. ಏಳು ವರ್ಷ ನಾವಿಬ್ಬರೂ ಸಾಲು ಸಾಲಾಗಿ ತಿದ್ದಿದ್ದೆವು, ಆ ಒಂದು ಸಾಲಿಗೆ ಮಾತ್ರ ಕಾರಣವೇನೆಂದು ಯಾವತ್ತೂ ಕೇಳಿರಲಿಲ್ಲ.

ಕಾಲುವೆ ದಂಡೆಯ ಬೆಂಚು

ಕೋಟು ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದು ಕೂತೆ. ಗಾಳಿ ಚರ್ಮ ಸುಲಿಯುವಂತಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲು ಬಂದ ವಿಚಾರ ಪ್ರಾಮಾಣಿಕವಾದದ್ದಲ್ಲ. ಲೇಖನ ತಿದ್ದಿ ನೋಡಿದ ಪಂಡಿತರಿಗೇ ಕಂಡಿಲ್ಲ, ಇವತ್ತು ಓದಿಬಿಡೋಣ. ಸರ್ ಹೆಸರು ಅಚ್ಚಾಗಲಿ. ಸಹಿ ಹಾಕುವ ಮೊದಲು ಹಾನೆಕೆಯ ಕಿವಿಯಲ್ಲಿ ಮೆಲ್ಲಗೆ ಹೇಳಿ ಪ್ರೋಗ್ರಾಮು ಬದಲಿಸೋಣ. ಯಾರಿಗೆ ತಿಳಿಯುತ್ತದೆ? ನನ್ನ ಮೇಲೆ ನನಗೇ ಹೇಸಿಕೆ ಬಂತು. ಅಚ್ಚಾದ ಸಾಧನೆಯನ್ನು ಇನ್ನೊಂದು ಊರಿನ ಇನ್ನೊಬ್ಬ ಹಾನೆಕೆ ಓದಿ ಸಹಿ ಹಾಕುತ್ತಾಳಲ್ಲ.

ಶಾಹೀನಳಿಗೆ ಫೋನು ಮಾಡಿದೆ. ಅಲ್ಲಿ ಸಂಜೆ ಹತ್ತಿರ ಬಂದಿತ್ತು. "ಅಕ್ಕಾ, ಮುಗೀತೇನ್ರಿ? ಅಬ್ಬಾ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಕುಂತಾರ. ಮಂದಿಗೆಲ್ಲಾ ಹೇಳ್ಯಾರ" ಎಂದಳು.

"ಇನ್ನೂ ಇಲ್ಲ. ಸ್ವಲ್ಪ ತೊಂದ್ರಿ ಐತಿ ಶಾಹೀನ್."

ಅವಳ ದನಿ ಕೆಳಗಿಳಿಯಿತು. "ಕೆಟ್ಟ ಸುದ್ದಿ ಇದ್ರ ಇವತ್ತ ಬ್ಯಾಡ್ರಿ ಅಕ್ಕಾ. ಕೈ ಮುಗೀತೇನಿ. ಬೆಳಿಗ್ಗೆ ಎದಿ ಹಿಡದಂಗ ಆಗಿತ್ತು."

ಫೋನು ಇಟ್ಟು ಅತ್ತೆ. ಐವತ್ತೊಂದರ ಹೆಂಗಸು ಪರದೇಶದ ಬೆಂಚಿನ ಮೇಲೆ ಕೂತು ಅಳುವುದೆಂದರೆ! ಸೈಕಲ್ಲಿನ ಮೇಲೆ ಹೋಗುತ್ತಿದ್ದವರು ತಿರುಗಿಯೂ ನೋಡಲಿಲ್ಲ. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಸುತ್ತ ಕೂತು ಯಾರು ಸತ್ತರು ಎಂದು ಕೇಳುತ್ತಿದ್ದರು. ಒಂದು ಮನಸ್ಸು ಅವರು ಬಂದು ಕೇಳಲಿ ಎನ್ನುತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಅಡ್ಡಗಂಬ ಇಳಿಯಿತು, ಶಾಲೆ ಬಿಟ್ಟ ಮಕ್ಕಳ ಗುಂಪು ಸೇತುವೆಯ ಈಚೆಗೆ ನಿಂತುಕೊಂಡಿತು. ಒಂದು ಮಗುವೂ ಕಂಬದ ಕೆಳಗೆ ನುಸುಳಲಿಲ್ಲ. ಎಷ್ಟು ನಂಬಿ ನಿಂತಿದ್ದವು ಅವು. ನಾನು ಎದ್ದು ಒಳಗೆ ಹೋದೆ.

ಸಭೆ

ಹಾನೆಕೆಗೆ ನೇರವಾಗಿ ಹೇಳಿದೆ: "ಸಹಿ ಹಾಕಬೇಡಿ. ನಮ್ಮ ಸಾಧನೆ ತಪ್ಪಿದೆ." ಅಯ್ಯೋ ಪಾಪ ಎನ್ನಲಿಲ್ಲ, ಬೆನ್ನು ಸವರಲಿಲ್ಲ. ಪೆನ್ನು ತೆಗೆದು ಕಾಗದದ ಮೇಲೆ ನಾಲ್ಕು ಗೆರೆ ಎಳೆದು, ಒಂದನ್ನು ಮುಂದೆ ಓಡಿಸಿ, ತಿರುಗಿಸಿ ತಂದು, ಹತ್ತು ನಿಮಿಷ ಸುಮ್ಮನೆ ನೋಡಿದಳು. ಕೊನೆಗೆ, "ಹೌದು, ತಪ್ಪಿದೆ" ಎಂದಳು. ಸಹಿಯ ಹಾಳೆಯನ್ನು ಎರಡು ಮಡಿಕೆ ಮಾಡಿ ಕಿಸೆಗೆ ಹಾಕಿದಳು. ಆಮೇಲೆ ತನ್ನ ಕೋಟು ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿ, "ನಡುಗುತ್ತಿದ್ದೀರಿ" ಎಂದಳು. ಅವಳ ಕೋಟು ನನ್ನ ಪಾದದವರೆಗೆ ಬರುತ್ತಿತ್ತು.

ಆ ಉದ್ದನೆಯ ಕೋಟಿನಲ್ಲೇ ನಿಂತು, ತಯಾರಿ ಮಾಡಿದ್ದ ಮಾತು ಬಿಟ್ಟು, ಹಲಗೆಯ ಮೇಲೆ ಮೂವತ್ತೊಂದನೆಯ ಸಾಲು ಒಂದನ್ನೇ ಬರೆದೆ. ಎಡಗಡೆ ಹೇಳಿಕೆ, ಬಲಗಡೆ ಕಾರಣ. ಎಲ್ಲಿ ಬೀಳುತ್ತದೆ ಎಂದು ತೋರಿಸಿದೆ. ಇಬ್ಬರು ಏಳು ವರ್ಷ ಇದನ್ನು ಹೇಗೆ ನೋಡದೆ ಬಿಟ್ಟಿರಿ ಎಂದು ಒಬ್ಬರು ಕೇಳಿದರು. ಅವಮಾನ ಮಾಡಲಿಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಪಂಕ್ತಿಯ ಊಟದ ಬಗ್ಗೆ ಹೇಳಿದೆ. ದತ್ತದಲ್ಲಿ ಬರೆಯಬೇಕಾದದ್ದನ್ನು ನಾವು ಬರೆಯಲಿಲ್ಲ, ಅದನ್ನು ಬರೆಯಬೇಕಾದೀತೆಂದು ಅನಿಸಲೇ ಇಲ್ಲ, ಯಾಕೆಂದರೆ ನಾವು ಹುಟ್ಟಿದಂದಿನಿಂದ ಹಾಗೆಯೇ ಉಂಡವರು ಎಂದೆ. ಯಾರೂ ನಗಲಿಲ್ಲ. ಹಲವರು ಬರೆದುಕೊಂಡರು.

ಸಭೆ ಮುಗಿದಮೇಲೆ ಹಾನೆಕೆ ಬಂದು, ಲೇಖನ ಅಚ್ಚಾಗುವುದಿಲ್ಲ, ಆದರೆ ಈ ತಪ್ಪಿನ ಬಗ್ಗೆ ಒಂದು ಪುಟ ಬರೆದುಕೊಟ್ಟರೆ ಉಳಿದವರು ಎಡವದಿರಲೆಂದು ಅದನ್ನು ಅಚ್ಚು ಹಾಕುತ್ತಾರೆ ಎಂದು ಹೇಳಿದಳು. ತಪ್ಪಿನ ಪುಟಕ್ಕೆ ಸರ್ ಹೆಸರು ಹಾಕುವುದು ಹೇಗೆ ಎಂದುಕೊಂಡು, ಆಮೇಲೆ ಹೇಳುತ್ತೇನೆ ಎಂದೆ.

ರಾಮದುರ್ಗದ ದನಿ

ಫೋನು ಮಾಡಲೇಬೇಕಿತ್ತು. ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಶಾಹೀನ್ ಫೋನನ್ನು ಅವರ ಕೈಗೆ ಕೊಟ್ಟಳು.

"ಹೆಂಗಾತವ್ವಾ?" ಎಂದರು.

"ಛಲೋ ಆತ್ರಿ ಸರ" ಎಂದೆ. ಜೀವಮಾನದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು. "ಎಲ್ಲಾರೂ ಚಪ್ಪಾಳಿ ಹೊಡದ್ರು."

ಸರ್ ಹಿಗ್ಗಲಿಲ್ಲ, ಮೊದಲು ಕೇಳಿದ್ದು ಸೇತುವೆಯ ಬಗ್ಗೆ. 

"ಆ ಸೇತುವಿ ಮ್ಯಾಲ ಕೂಡ್ರಸ್ತಾರಂತೇನು ಅದನ್ನ?"

"ಹೌದ್ರಿ."

"ಬ್ಯಾಡ ಅನ್ನು." ಅವಸರದಿಂದ ಅಂದರು. "ಗಂಗವ್ವಾ, ಈಗಿಂದೀಗ ಹೋಗಿ ಬ್ಯಾಡ ಅನ್ನು. ಮೂವತ್ತೊಂದನೇ ಸಾಲು ನಿಂದ್ರಂಗಿಲ್ಲ."

"ಸರ, ನಿಮಗ ಗೊತ್ತಿತ್ತೇನ್ರಿ?"

"ಹ್ವಾದ ತಿಂಗಳ ದವಾಖಾನ್ಯಾಗ ಮಲಗಿದ್ನೆಲ್ಲಾ, ಕಣ್ಣ ಕಾಣಂಗಿಲ್ಲ, ಮತ್ತೇನ ಮಾಡ್ಲಿ, ಸಾಧನಿ ಮನಸಿನ್ಯಾಗ ಹೇಳ್ಕೋತ ಇದ್ದೆ. ಮೂವತ್ತೊಂದಕ್ಕ ಬಂದು ಕಾರಣ ಏನು ಅಂತ ನನ್ನ ನಾನ ಕೇಳಿದೆ. ಬಾಯಾಗ ಏನೂ ಬರ್ಲಿಲ್ಲವ್ವಾ. ಅವತ್ತ ನಿನಗ ಹೇಳಬೇಕಿತ್ತು. ನೀ ಪಾಸ್‌ಪೋರ್ಟ್ ಬಂತಂತ ಪೇಢೆ ತಗೊಂಡ ಬಂದಿ. ಹೆಂಗ ಹೇಳ್ಲಿ? ಮತ್ತ..." ಉಸಿರು ತೆಗೆದುಕೊಂಡರು. "ಮತ್ತ ನನಗೂ ಆಸೆ ಇತ್ತು. ಹೆಸರ ಅಚ್ಚಾಗ್ಲಿ ಅಂತ. ಅಲ್ಲಿ ಯಾರರೆ ಹಿಡೀತಾರ, ಹಿಡದ್ರ ನನ್ನ ಬಾಯಿಂದ ಬರೂದು ತಪ್ಪತೈತಿ ಅಂದ್ಕೊಂಡಿದ್ದೆ. ಯಾರೂ ಹಿಡೀಲಿಲ್ಲಲ್ಲ. ಮಂದಿ ದಾಟೂ ಸೇತುವಿ ಅದು."

"ಸರ, ನಾ ಸುಳ್ಳ ಹೇಳೇನ್ರಿ" ಎಂದೆ. ಅಳು ತಡೆಯಲಾಗಲಿಲ್ಲ. "ಮಧ್ಯಾಹ್ನ ನನಗ ಕಂಡಿತು. ಹಲಗಿ ಮ್ಯಾಲ ಬರದ ತೋರ್ಸೇನಿ. ಸಹಿ ಹಾಕಿಲ್ಲ ಅವರು. ನಿಮಗ ಧಕ್ಕಿ ಆದೀತು ಅಂತ..."

ಆ ಕಡೆ ಏನೋ ಸದ್ದಾಯಿತು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. "ಅಬ್ಬಾ, ನೀರ ಕುಡೀರಿ" ಎನ್ನುತ್ತಿದ್ದಳು ಶಾಹೀನ್. ಕುಡಿದರು. ಆಮೇಲೆ ಬಂದ ದನಿ ಹತ್ತನೆಯ ಇಯತ್ತೆಯಲ್ಲಿ ಕೇಳುತ್ತಿದ್ದ ದನಿ. "ಈಗ ಏನಂತಾರ ಅವರು?"

ತಪ್ಪಿನ ಬಗ್ಗೆ ಒಂದು ಪುಟ ಕೇಳಿದ್ದನ್ನು ಹೇಳಿದೆ. ನಿಮ್ಮ ಹೆಸರು ಬೇಡ ಸರ್, ಅದಕ್ಕೆ ನನ್ನ ಹೆಸರೊಂದೇ ಸಾಕು, ನಿಮ್ಮದನ್ನು ಸಾಧನೆ ಸರಿಯಾದಾಗ ಹಾಕೋಣ ಎಂದೆ. ಸರಿಯಾಗುವವರೆಗೆ ಅವರಿಗೆ ಹೊತ್ತು ಇದೆಯೋ ಇಲ್ಲವೋ, ಅದನ್ನು ಇಬ್ಬರೂ ಆಡಲಿಲ್ಲ.

"ಇಲ್ಲವ್ವಾ" ಎಂದರು ಸರ್. "ಆ ಪುಟಕ್ಕ ನನ್ನ ಹೆಸರ ಮದ್ಲ ಹಾಕು. ನಿನಗ ಇವತ್ತ ಮಧ್ಯಾಹ್ನ ತಿಳೀತು, ನೀ ಇವತ್ತ ಮಧ್ಯಾಹ್ನನ ಹೇಳಿದಿ. ನನಗ ತಿಂಗಳ ಮದ್ಲ ತಿಳದಿತ್ತು."

ನಾನು ಹಾಗೆಯೇ ಬರೆದುಕೊಟ್ಟೆ.